ಹಳ್ಳಕ್ಕೆ ಹಳ್ಳ ಸೇರುವ ಲೆಕ್ಕ: ಈ ‘ನಾಲ್ಕು’ ಎಲ್ಲಿಂದ ಬಂತು?

ಚಳ್ಳಕೆರೆ ಅಥವಾ ಮೊಳಕಾಲ್ಮೂರು ಕಡೆಯ ಟೋಪೋಶೀಟ್ ಒಂದನ್ನ ಮೇಜಿನ ಮೇಲೆ ಹರಡಿ ನೋಡಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು, ವರ್ಷಕ್ಕೆ 500 ಮಿ.ಮೀ. ಆಸುಪಾಸು. ಆದ್ರೂ ಹಾಳೆ ತುಂಬ ಹಳ್ಳದ ಗೆರೆಗಳು. ಹೆಚ್ಚಿನವು ಕಪ್ಪು ಗೆರೆ. ಸರ್ವೆ ಆಫ್ ಇಂಡಿಯಾ ನಕ್ಷೆಯಲ್ಲಿ ಕಪ್ಪು ಗೆರೆ ಅಂದ್ರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹಳ್ಳ. ಗುಡ್ಡದ ಓರೆಯಲ್ಲಿ ಹುಟ್ಟಿದ ಸಣ್ಣ ಗೆರೆಗಳು ಎರಡೆರಡಾಗಿ ಸೇರುತ್ತಾ, ದೊಡ್ಡದಾಗುತ್ತಾ, ಚಳ್ಳಕೆರೆ ಕಡೆ ವೇದಾವತಿಗೂ ಮೊಳಕಾಲ್ಮೂರು ಕಡೆ ಚಿನ್ನ ಹಗರಿಗೂ ಹೋಗಿ ಬೀಳುತ್ತವೆ. ಒಟ್ಟಾರೆ ನೋಡಿದ್ರೆ ಎಲೆ ಉದುರಿದ ಜಾಲಿ ಮರದ ಹಾಗೆ ಕಾಣುತ್ತೆ.

ಸಿವಿಲ್‌ನವರಿಗೆ ಈ ಚಿತ್ರ ಹೊಸದಲ್ಲ. ಮಿನಿ ಪ್ರಾಜೆಕ್ಟ್‌ಗೆ ಒಂದು ಜಲಾನಯನ ಪ್ರದೇಶ ಆರಿಸ್ಕೊಂಡು, ಕ್ಯೂಜಿಐಎಸ್‌ನಲ್ಲಿ ಹಳ್ಳಗಳನ್ನ ತೆಗೆದು, ಎಣಿಸಿ, ‘ಬೈಫರ್ಕೇಶನ್ ರೇಶಿಯೋ’ ಕಂಡುಹಿಡಿಯೋದು ಎಷ್ಟೋ ಕಾಲೇಜುಗಳಲ್ಲಿ ನಡೆದು ಬಂದಿರೋ ಪದ್ಧತಿ. ಕನ್ನಡದಲ್ಲಿ ಇದನ್ನ ಕವಲು ಅನುಪಾತ ಅನ್ನೋಣ. ಇಂಥ ವರದಿಗಳ ಕೊನೆಯಲ್ಲಿ ಬಹುತೇಕ ಒಂದೇ ಅರ್ಥದ ವಾಕ್ಯ ಇರುತ್ತೆ: ಕವಲು ಅನುಪಾತ 3 ಮತ್ತು 5ರ ನಡುವೆ ಇದೆ, ಆದ್ದರಿಂದ ಇಲ್ಲಿನ ಹಳ್ಳಗಳ ಮೇಲೆ ಶಿಲಾರಚನೆಯ ಪ್ರಭಾವ ಇಲ್ಲ.

ಈ ಲೇಖನ ಆ ಒಂದು ವಾಕ್ಯದ ಬಗ್ಗೆ. ಅದರ ಮೊದಲರ್ಧ ಯಾಕೆ ಯಾವಾಗಲೂ ನಿಜ ಆಗುತ್ತೆ, ಎರಡನೇ ಅರ್ಧವನ್ನ ಯಾಕೆ ನಂಬಬಾರದು ಅಂತ ನೋಡೋಣ. ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್‌ನವರು ಓಡಿ ಹೋಗಬೇಕಾಗಿಲ್ಲ. ಬೇಕಾಗಿರೋದು ಪಿಯುಸಿಯ ಸಂಭವನೀಯತೆ ಮತ್ತೆ ಒಂದು ನಾಣ್ಯ, ಅಷ್ಟೆ.

ದರ್ಜೆಯ ನಿಯಮ

1945ರಲ್ಲಿ ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ ಹಳ್ಳಗಳಿಗೆ ದರ್ಜೆ ಕೊಡುವ ಪದ್ಧತಿ ತಂದರು. 1952ರಲ್ಲಿ ಆರ್ಥರ್ ಸ್ಟ್ರಾಲರ್ ಅದನ್ನ ಸರಳ ಮಾಡಿದರು. ಈಗ ಎಲ್ಲರೂ ಬಳಸೋದು ಸ್ಟ್ರಾಲರ್ ನಿಯಮವನ್ನೇ.

ಮೇಲಿನಿಂದ ಯಾವ ಹಳ್ಳವೂ ಬಂದು ಸೇರದ, ಹೊಸದಾಗಿ ಹುಟ್ಟುವ ಹಳ್ಳಕ್ಕೆ ಒಂದನೇ ದರ್ಜೆ. ಒಂದೇ ದರ್ಜೆಯ ಎರಡು ಹಳ್ಳ ಕೂಡಿದರೆ ಮುಂದಿನ ದರ್ಜೆ: ಒಂದು ಮತ್ತೊಂದು ಸೇರಿ ಎರಡು, ಎರಡು ಮತ್ತೆರಡು ಸೇರಿ ಮೂರು. ಸಣ್ಣ ದರ್ಜೆಯದು ದೊಡ್ಡದಕ್ಕೆ ಸೇರಿದರೆ ದೊಡ್ಡದರ ದರ್ಜೆ ಹಾಗೇ ಉಳಿಯುತ್ತೆ. ಜೂನಿಯರ್ ಒಬ್ಬ ಬಂದು ಸೇರಿದ ಅಂತ ಸೀನಿಯರ್‌ಗೆ ಪ್ರಮೋಷನ್ ಸಿಗಲ್ಲವಲ್ಲ, ಹಾಗೆ.

ಒಂದನೇ ದರ್ಜೆಯ ಹಳ್ಳಗಳ ಸಂಖ್ಯೆಯನ್ನ ಎರಡನೇ ದರ್ಜೆಯವುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗೋದೇ ಕವಲು ಅನುಪಾತ. ಎರಡಕ್ಕೂ ಮೂರಕ್ಕೂ, ಮೂರಕ್ಕೂ ನಾಲ್ಕಕ್ಕೂ ಹೀಗೇ ತೆಗೀಬಹುದು. ಹಾರ್ಟನ್ ಗಮನಿಸಿದ್ದು ಏನಂದ್ರೆ, ಒಂದು ಜಲಾನಯನದೊಳಗೆ ಈ ಅನುಪಾತ ಎಲ್ಲ ದರ್ಜೆಗಳಿಗೂ ಹೆಚ್ಚು ಕಡಿಮೆ ಒಂದೇ ಇರುತ್ತೆ. ಬೇರೆ ಬೇರೆ ದೇಶ, ಬೇರೆ ಬೇರೆ ಬಂಡೆ, ಬೇರೆ ಬೇರೆ ಮಳೆ ಇದ್ರೂ ಸಂಖ್ಯೆ 4ರ ಸುತ್ತಮುತ್ತಲೇ ಓಡಾಡುತ್ತೆ. ಇಷ್ಟು ಅಚ್ಚುಕಟ್ಟಾದ ನಿಯಮ ಕಂಡ್ರೆ ಇದರ ಹಿಂದೆ ಯಾವುದೋ ದೊಡ್ಡ ಭೌತನಿಯಮ ಇರಲೇಬೇಕು ಅಂತ ಅನ್ನಿಸೋದು ಸಹಜ.

ಎಷ್ಟು ಥರ ಸೇರಬಹುದು?

1966ರಲ್ಲಿ ರೊನಾಲ್ಡ್ ಶ್ರೀವ್ ಅನ್ನೋ ಭೂವಿಜ್ಞಾನಿ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಪ್ರಕೃತಿಗೆ ಯಾವ ಆದ್ಯತೆಯೂ ಇಲ್ಲ, ಹಳ್ಳಗಳು ಹೇಗೆ ಬೇಕಾದ್ರೂ ಸೇರಬಹುದು ಅಂತ ಇಟ್ಕೊಂಡ್ರೆ ಎಷ್ಟು ಅನುಪಾತ ಬರುತ್ತೆ?

ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಾಲ್ಕು ಮೂಲಗಳಿವೆ, ಕೊನೆಗೆ ಎಲ್ಲ ಒಂದೇ ಹಳ್ಳವಾಗಿ ಹೊರಗೆ ಹೋಗಬೇಕು, ಒಂದು ಕೂಡಲಲ್ಲಿ ಎರಡೇ ಹಳ್ಳ ಸೇರಬೇಕು. ಎಡ–ಬಲ ಬೇರೆ ಬೇರೆ ಅಂತ ಎಣಿಸಿದರೆ ಒಟ್ಟು 5 ಜಾಲಗಳು ಸಾಧ್ಯ. ಪೆನ್ನು ಹಿಡಿದು ಬಿಡಿಸಿ ನೋಡಿ. ಅವುಗಳಲ್ಲಿ 4 ಜಾಲಗಳಲ್ಲಿ ಎರಡನೇ ದರ್ಜೆಯ ಹಳ್ಳ ಒಂದೇ ಇರುತ್ತೆ. ಎರಡು ಮೂಲಗಳು ಕೂಡಿ ಅದು ಹುಟ್ಟುತ್ತೆ, ಉಳಿದ ಎರಡು ಪಕ್ಕದಿಂದ ಬಂದು ಸೇರುತ್ತವೆ. ಒಂದೇ ಒಂದು ಜಾಲದಲ್ಲಿ ಮಾತ್ರ ಎರಡೆರಡು ಜೋಡಿಯಾಗಿ, ಆಮೇಲೆ ಆ ಜೋಡಿಗಳು ಕೂಡಿ, ಮೂರನೇ ದರ್ಜೆ ಹುಟ್ಟುತ್ತೆ.

ಮೂಲಗಳು 5 ಆದ್ರೆ 14 ಜಾಲ, 6 ಆದ್ರೆ 42. ಡೇಟಾ ಸ್ಟ್ರಕ್ಚರ್ಸ್ ಓದಿದವರು ಗುರುತು ಹಿಡಿದಿರಬೇಕು: ಇವು ಕ್ಯಾಟಲಾನ್ ಸಂಖ್ಯೆಗಳು, ಬೈನರಿ ಟ್ರೀಗಳನ್ನ ಎಣಿಸುವಾಗ ಬರೋವೇ. ಹಳ್ಳದ ಜಾಲ ಅಂದ್ರೆ ಬೈನರಿ ಟ್ರೀ ತಾನೇ? ಮೂಲಗಳು 10 ಆದ್ರೆ 4,862. ಬರೀ 20 ಆದ್ರೆ 176 ಕೋಟಿಗೂ ಜಾಸ್ತಿ. ಸಣ್ಣದೊಂದು ಗುಡ್ಡದ ಮೈಮೇಲೆ 20 ಕೊರಕಲು ಹುಟ್ಟಿದರೂ ಅವು ಸೇರೋಕೆ ಇಷ್ಟು ದಾರಿ ಇದೆ. ಶ್ರೀವ್ ಅವರ ಊಹೆ: ಈ ಎಲ್ಲ ಜಾಲಗಳ ಸಂಭವನೀಯತೆಯೂ ಒಂದೇ.

ಎರಡು ನಾಣ್ಯ

ಈ ಊಹೆಯಿಂದ 4 ಬರೋ ರೀತಿ ಎಷ್ಟು ಸುಲಭ ಅಂದ್ರೆ ಒಂದು ಪ್ಯಾರಾದಲ್ಲಿ ಮುಗಿಯುತ್ತೆ.

ಮೂಲಗಳು n ಇದ್ದರೆ ಕೂಡಲುಗಳು n−1. ಪ್ರತಿ ಕೂಡಲಿನಲ್ಲೂ ಒಂದು ಸಂಖ್ಯೆ ಕಮ್ಮಿಯಾಗಿ ಕೊನೆಗೆ ಒಂದೇ ಉಳಿಯಬೇಕಲ್ಲ, ನಾಕ್‌ಔಟ್ ಟೂರ್ನಮೆಂಟಿನ ಲೆಕ್ಕವೇ ಇದು. ಜಾಲವನ್ನ ಕೂಡಲಿನಿಂದ ಕೂಡಲಿಗೆ ತುಂಡು ಮಾಡಿದರೆ ಮೂಲದ ತುಂಡುಗಳು n, ಒಳಗಿನ ತುಂಡುಗಳು n−1. ಹತ್ತಿರ ಹತ್ತಿರ ಅರ್ಧ ಅರ್ಧ. ಅಂದ್ರೆ ದೊಡ್ಡ ಜಾಲದ ಯಾವುದೋ ಒಂದು ಕೂಡಲಿನಲ್ಲಿ ನಿಂತು ಮೇಲಕ್ಕೆ ನೋಡಿದರೆ ಎಡದಿಂದ ಬರೋದು ‘ಮೂಲ’ ಆಗಿರೋ ಸಂಭವನೀಯತೆ 1/2, ಬಲದಿಂದ ಬರೋದೂ 1/2. ಎರಡೂ ಮೂಲವೇ ಆಗಿದ್ದರೆ ಮಾತ್ರ ಅಲ್ಲಿ ಎರಡನೇ ದರ್ಜೆ ಹುಟ್ಟುತ್ತೆ. ಎರಡು ನಾಣ್ಯ ಚಿಮ್ಮಿದಾಗ ಎರಡೂ ಹೆಡ್ ಬೀಳೋ ಸಂಭವನೀಯತೆ 1/4. ಹಾಗಾಗಿ n−1 ಕೂಡಲುಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಎರಡನೇ ದರ್ಜೆ ಹುಟ್ಟುತ್ತೆ. ಅನುಪಾತ ನಾಲ್ಕು.

ಸಣ್ಣ ಜಾಲಗಳಿಗೆ ನಿಖರ ಸೂತ್ರವೂ ಇದೆ: ಎರಡನೇ ದರ್ಜೆಯ ಹಳ್ಳಗಳ ಸರಾಸರಿ ಸಂಖ್ಯೆ n(n−1)/(2(2n−3)). n = 4 ಹಾಕಿ ನೋಡಿ, 1.2 ಬರುತ್ತೆ. ಮೇಲೆ ನಾವು ಕೈಯಲ್ಲಿ ಎಣಿಸಿದ 5 ಜಾಲಗಳಲ್ಲಿ ಒಟ್ಟು 6 ಎರಡನೇ ದರ್ಜೆಯ ಹಳ್ಳ, 6/5 = 1.2. ತಾಳೆ ಆಯ್ತು. n = 64 ಆದ್ರೆ 16.1.

ಇನ್ನೊಂದು ಸ್ವಾರಸ್ಯ ಇದೆ. ಒಂದನೇ ದರ್ಜೆಯ ಹಳ್ಳಗಳನ್ನೆಲ್ಲ ಅಳಿಸಿಬಿಡಿ. ಉಳಿದ ಜಾಲವೂ ಅಷ್ಟೇ ರ‍್ಯಾಂಡಮ್ ಆಗಿರುತ್ತೆ. ಅದಕ್ಕೆ ಇದೇ ವಾದ ಮತ್ತೆ ಅನ್ವಯಿಸುತ್ತೆ, ಮತ್ತೆ ನಾಲ್ಕು. ಹೀಗೆ 64, 16, 4, 1. ಹಾರ್ಟನ್ ನೋಡಿದ ‘ಎಲ್ಲ ದರ್ಜೆಗೂ ಒಂದೇ ಅನುಪಾತ’ ತಾನಾಗೇ ಸಿಕ್ಕಿತು. ಬಂಡೆ, ಮಣ್ಣು, ಇಳಿಜಾರು, ಮಳೆ ಯಾವುದನ್ನೂ ನಾವು ಕೇಳಲೇ ಇಲ್ಲ.

ಮೀನಿನ ಮುಳ್ಳಿನ ಹಾಗೆ ಒಂದೇ ಉದ್ದ ಹಳ್ಳಕ್ಕೆ ಎಲ್ಲ ಮೂಲಗಳೂ ಪಕ್ಕದಿಂದ ಸೇರಿದರೆ 64ಕ್ಕೆ ಎರಡನೇ ದರ್ಜೆಯದು ಒಂದೇ, ಅನುಪಾತ 64. ಎಲ್ಲವೂ ಸಮಸಮವಾಗಿ ಜೋಡಿಯಾದರೆ ಅನುಪಾತ 2. ಎರಡೂ ಸಾಧ್ಯ, ನಿಷೇಧ ಏನಿಲ್ಲ. ಆದ್ರೆ 64 ಮೂಲಗಳ ಒಟ್ಟು ಜಾಲಗಳಲ್ಲಿ ಮೀನುಮುಳ್ಳಿನಂಥವು ಲಕ್ಷ ಕೋಟಿಗೆ ಒಂದೂ ಇಲ್ಲ. ಸಮಸಮ ಜೋಡಿಯ ಜಾಲ ಇಡೀ ರಾಶಿಗೆ ಒಂದೇ ಒಂದು. ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ಕೋಣೆಯ ಗಾಳಿಯೆಲ್ಲ ಒಂದು ಮೂಲೆಗೆ ಹೋಗಿ ಕೂರೋದು ಯಾಕೆ ಕಾಣಲ್ಲ ಅಂತ ಹೇಳ್ತಾರಲ್ಲ, ಅದೇ ಕಾರಣ. 4ರ ಹತ್ತಿರ ಬರೋಕೆ ದಾರಿಗಳು ಜಾಸ್ತಿ. ಇಲ್ಲಿ ‘ವಿನ್ಯಾಸ’ ಅನ್ನಿಸಿದ್ದು ಬಹುಮತದ ಫಲಿತಾಂಶ.

ಹಾಗಾದ್ರೆ ಆ ವಾಕ್ಯ?

ಸರಾಸರಿ ಗೊತ್ತಾಯ್ತು, ಈಗ ಏರಿಳಿತ ನೋಡೋಣ. ಇಂಜಿನಿಯರ್ ಕೇಳಬೇಕಾದ ಪ್ರಶ್ನೆ ಇದೇ. ದೊಡ್ಡ n ಇದ್ದಾಗ ಎರಡನೇ ದರ್ಜೆಯ ಹಳ್ಳಗಳ ಸಂಖ್ಯೆಯ ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು √n/4. n = 64 ಆದ್ರೆ 2. ಅಂದ್ರೆ ಸರಾಸರಿ 16, ಎರಡೂ ಕಡೆ ಎರಡೆರಡು ಸಿಗ್ಮಾ ಬಿಟ್ಟರೆ 12ರಿಂದ 20. ಅನುಪಾತಕ್ಕೆ ಬದಲಾಯಿಸಿ: 64/20 = 3.2, 64/12 = 5.3.

ಗಮನಿಸಿದ್ರಾ? ಬರೀ ನಾಣ್ಯ ಚಿಮ್ಮಿ ಮಾಡಿದ ಜಾಲಗಳಲ್ಲಿ ನೂರಕ್ಕೆ ಸುಮಾರು 95 ಈ ಮಿತಿಯೊಳಗೇ ಬೀಳುತ್ತವೆ. ವರದಿಗಳಲ್ಲಿ ಬರೆಯೋ 3ರಿಂದ 5 ಅನ್ನೋ ಮಿತಿ ಹೆಚ್ಚು ಕಡಿಮೆ ಇದೇ. ಈ ಮಿತಿ ಬಂದಿದ್ದು ಸ್ಟ್ರಾಲರ್ 1964ರಲ್ಲಿ ಬರೆದದ್ದರಿಂದ: ಶಿಲಾರಚನೆ ಹಳ್ಳಗಳನ್ನ ವಿರೂಪಗೊಳಿಸದ ಕಡೆ ಅನುಪಾತ 3 ಮತ್ತು 5ರ ನಡುವೆ ಇರುತ್ತೆ. ಆ ಮಾತು ಸರಿಯೇ. ತೊಂದರೆ ಬಂದಿದ್ದು ನಾವು ಅದನ್ನ ತಿರುಗಿಸಿ ಓದಿದಾಗ. ಜ್ವರ ಇಲ್ಲದವನಿಗೆ ಥರ್ಮಾಮೀಟರ್ 98.6 ತೋರಿಸುತ್ತೆ, ಹಾಗಂತ 98.6 ತೋರಿಸಿದವರಿಗೆಲ್ಲ ಯಾವ ಕಾಯಿಲೆಯೂ ಇಲ್ಲ ಅಂತ ಆಗಲ್ಲ. ಷರತ್ತಿನ ಸಂಭವನೀಯತೆಯನ್ನ ಹಿಂದುಮುಂದು ಮಾಡಬಾರದು ಅಂತ ಬೇಯ್ಸ್ ಪ್ರಮೇಯದ ಪಾಠದಲ್ಲೇ ಇದೆ.

1993ರಲ್ಲಿ ಜೇಮ್ಸ್ ಕರ್ಚ್‌ನರ್ ಈ ವಿಷಯಕ್ಕೆ ಇನ್ನೂ ಗಟ್ಟಿಯಾದ ಪೆಟ್ಟು ಕೊಟ್ಟರು. ಶ್ರೀವ್ ಮಾದರಿಯ ಜಾಲಗಳಷ್ಟೇ ಅಲ್ಲ, ಸಾಧ್ಯ ಇರುವ ಜಾಲಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾರ್ಟನ್ ನಿಯಮ ಪಾಲಿಸುತ್ತವೆ ಅಂತ ತೋರಿಸಿದರು. ಅಂದ್ರೆ ನಿಯಮ ಹೇಳೋದು ಹಳ್ಳದ ಗುಣವನ್ನಲ್ಲ, ನಾವು ದರ್ಜೆ ಕೊಡುವ ವಿಧಾನದ ಗುಣವನ್ನ. ಯಾವ ಜಾಲ ಕೊಟ್ಟರೂ ಒಂದೇ ಉತ್ತರ ಹೇಳುವ ಅಳತೆಗೋಲು ಜಾಲಗಳ ನಡುವೆ ವ್ಯತ್ಯಾಸ ಹೇಗೆ ಹೇಳೀತು? ಪ್ರಕೃತಿಯ ಹಳ್ಳಗಳು ರ‍್ಯಾಂಡಮ್ ಅಂತಲೂ ಈ ಸಂಖ್ಯೆಯಿಂದ ಸಾಧಿಸೋಕೆ ಆಗಲ್ಲ, ಅಲ್ಲ ಅಂತಲೂ ಆಗಲ್ಲ.

ಮೇಲಿನ ದರ್ಜೆಗಳಲ್ಲಂತೂ ಸ್ಥಿತಿ ಇನ್ನೂ ಕಷ್ಟ. ಎರಡನೇ ದರ್ಜೆಯವು 16 ಇದ್ದರೆ ಮೂರನೇ ದರ್ಜೆಯವು ಸರಾಸರಿ 4, ಏರಿಳಿತ 2ರಿಂದ 6. ಅನುಪಾತ 8ರಿಂದ 2.7ರವರೆಗೆ ಎಲ್ಲಿ ಬೇಕಾದ್ರೂ ಇರಬಹುದು. ಇಂಥ ಸಂಖ್ಯೆಗಳ ಸರಾಸರಿ ತೆಗೆದು ಎರಡು ದಶಮಾಂಶ ಸ್ಥಾನದವರೆಗೆ ಬರೆದು, ಪಕ್ಕದ ಜಲಾನಯನಕ್ಕೆ ಹೋಲಿಸಿ, 4.12ಕ್ಕಿಂತ 4.37 ಬೇರೆ ಅಂತ ಅರ್ಥ ಹಚ್ಚೋದು ಟಾಸ್ ಗೆದ್ದ ಟೀಮನ್ನ ಹೊಗಳಿದ ಹಾಗೆ.

ಇದು ಬರೀ ಪರೀಕ್ಷೆಯ ಅಂಕದ ವಿಷಯ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದ್ರೆ ಈ ಎರಡು ತಾಲ್ಲೂಕುಗಳಲ್ಲಿ ನೆಲದಡಿಯ ನೀರು ನಿಲ್ಲೋದು ಸವೆದ ಬಂಡೆಯ ಪದರದಲ್ಲಿ ಮತ್ತೆ ಗಟ್ಟಿ ಬಂಡೆಯ ಸೀಳುಗಳಲ್ಲಿ. ಚೆಕ್ ಡ್ಯಾಂ ಎಲ್ಲಿ ಕಟ್ಟಬೇಕು, ಇಂಗುಗುಂಡಿ ಎಲ್ಲಿ ತೋಡಬೇಕು, ಬೋರ್ ಎಲ್ಲಿ ಹಾಕಬೇಕು ಅನ್ನೋದಕ್ಕೆ ಬೇಕಾಗಿರೋ ಮುಖ್ಯ ಮಾಹಿತಿಯೇ ಸೀಳುಗಳು ಎಲ್ಲಿವೆ, ಹಳ್ಳ ಅವುಗಳ ಮೇಲೆ ಹರಿಯುತ್ತಾ ಅನ್ನೋದು. ಏನನ್ನೂ ಅಳೆಯದ ಒಂದು ಸಂಖ್ಯೆ ಇಟ್ಕೊಂಡು ‘ಶಿಲಾರಚನೆಯ ಪ್ರಭಾವ ಇಲ್ಲ’ ಅಂತ ಬರೆದುಬಿಟ್ಟರೆ, ಆ ವರದಿ ಓದಿದವರು ಸೀಳು ಹುಡುಕೋದನ್ನೇ ಬಿಡ್ತಾರೆ. ಶೇಂಗಾ ಬೆಳೆಗೆ ಒಂದು ಹದ ಮಳೆಗಾಗಿ ಮುಗಿಲು ನೋಡೋ ಊರಿನಲ್ಲಿ ತಪ್ಪು ಜಾಗದ ಒಂದು ಚೆಕ್ ಡ್ಯಾಂ ಸಣ್ಣ ನಷ್ಟ ಅಲ್ಲ.

ನಾಣ್ಯ ಸೋಲುವ ಜಾಗ

ಸಂಭವನೀಯತೆಯಿಂದ ಏನೂ ಉಪಯೋಗ ಇಲ್ಲ ಅಂತ ಇದರ ಅರ್ಥ ಅಲ್ಲ. ಯಾವುದಕ್ಕೆ ಕಾರಣ ಹುಡುಕಬೇಕಾಗಿಲ್ಲ ಅಂತ ಅದು ಹೇಳುತ್ತೆ. ಆಮೇಲೆ ನಾಣ್ಯದ ಲೆಕ್ಕ ಎಲ್ಲಿ ತಪ್ಪುತ್ತೋ ಅಲ್ಲಿ ಭೌತಶಾಸ್ತ್ರ ಇದೆ ಅಂತ ಬೆರಳು ತೋರಿಸುತ್ತೆ. ಒಂದು ಉದಾಹರಣೆ ನೋಡೋಣ.

1967ರಲ್ಲಿ ಶೈಡೆಗ್ಗರ್ ಒಂದು ಮಾದರಿ ಕೊಟ್ಟರು. ಗ್ರಾಫ್ ಹಾಳೆ ತಗೊಳ್ಳಿ. ಪ್ರತಿ ಚೌಕದ ನೀರು ಕೆಳಗಿನ ಸಾಲಿಗೆ ಇಳಿಯಬೇಕು. ಎಡಕ್ಕೋ ಬಲಕ್ಕೋ ಅಂತ ನಾಣ್ಯ ನಿರ್ಧರಿಸುತ್ತೆ. ಎರಡು ದಾರಿ ಕೂಡಿದರೆ ಆಮೇಲೆ ಒಟ್ಟಿಗೇ ಹರಿಯುತ್ತವೆ. ಇಪ್ಪತ್ತು ಸಾಲು ಮಾಡೋಷ್ಟರಲ್ಲಿ ನಿಮ್ಮ ಹಾಳೆಯ ಮೇಲೆ ಟೋಪೋಶೀಟಿನಂಥದೇ ಜಾಲ ಕಾಣುತ್ತೆ. ಪೈಥಾನ್‌ನಲ್ಲಾದ್ರೆ ಇಪ್ಪತ್ತು ಸಾಲಿನ ಕೋಡ್.

ಈ ಮಾದರಿಯಲ್ಲಿ ಜಲಾನಯನದ ಆಕಾರ ಲೆಕ್ಕ ಹಾಕಬಹುದು. L ಸಲ ನಾಣ್ಯ ಚಿಮ್ಮಿದರೆ ಅಡ್ಡಡ್ಡ ಸರಿಯುವ ದೂರ ಸುಮಾರು √L. ಹಾಗಾಗಿ L ಉದ್ದದ ಜಲಾನಯನದ ಅಗಲ √Lನಷ್ಟು, ವಿಸ್ತೀರ್ಣ A ಅಂದ್ರೆ L√Lನಷ್ಟು. ತಿರುಗಿಸಿ ಬರೆದರೆ L ಅನ್ನೋದು A ಘಾತ 2/3. ನಿಜವಾದ ಹಳ್ಳಗಳಲ್ಲಿ? 1957ರಲ್ಲಿ ಜಾನ್ ಹ್ಯಾಕ್ ಅಮೆರಿಕದಲ್ಲಿ ಅಳೆದಾಗ ಸಿಕ್ಕ ಘಾತ 0.6. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಆದ್ರೆ ವಿಸ್ತೀರ್ಣ 100 ಪಟ್ಟು ಹೆಚ್ಚಿದಾಗ ನಾಣ್ಯದ ಲೆಕ್ಕದಲ್ಲಿ ಹಳ್ಳ ಸುಮಾರು 22 ಪಟ್ಟು ಉದ್ದ ಆಗಬೇಕು, ಹ್ಯಾಕ್ ಲೆಕ್ಕದಲ್ಲಿ 16 ಪಟ್ಟು. ನಿಜವಾದ ಜಲಾನಯನಗಳು ನಾಣ್ಯದ ಜಲಾನಯನಗಳಿಗಿಂತ ಅಗಲ.

ಯಾಕೆ? ನಾಣ್ಯಕ್ಕೆ ನೆನಪಿಲ್ಲ, ನೆಲಕ್ಕೆ ಇದೆ. ಬೋಳು ಕೆಂಪು ನೆಲದ ಮೇಲೆ ಮೊದಲ ಜೋರು ಮಳೆಗೆ ಎರಡು ಕೊರಕಲು ಬಿದ್ದವು ಅಂದ್ಕೊಳ್ಳಿ. ಯಾವುದಕ್ಕೆ ಒಂದು ಬಿಂದಿಗೆ ನೀರು ಜಾಸ್ತಿ ಹೋಯ್ತೋ ಅದು ಸ್ವಲ್ಪ ಹೆಚ್ಚು ಆಳ ಆಯ್ತು. ಮುಂದಿನ ಮಳೆಗೆ ಅದಕ್ಕೇ ಹೆಚ್ಚು ನೀರು. ಗಣಿತದಲ್ಲಿ ಇದರ ಸರಳ ರೂಪ ಪೋಲ್ಯಾ ಮಡಕೆ: ಒಂದು ಕೆಂಪು, ಒಂದು ಬಿಳಿ ಗೋಲಿ ಇರೋ ಮಡಕೆಯಿಂದ ಒಂದನ್ನ ತೆಗೆಯಿರಿ, ಅದನ್ನ ವಾಪಸ್ ಹಾಕಿ ಅದೇ ಬಣ್ಣದ ಇನ್ನೊಂದನ್ನ ಸೇರಿಸಿ, ಮತ್ತೆ ತೆಗೆಯಿರಿ. ಕೆಂಪಿನ ಪಾಲು ಕೊನೆಗೆ ಎಲ್ಲೋ ಒಂದು ಕಡೆ ನಿಲ್ಲೋದು ಖಚಿತ. ಎಲ್ಲಿ ನಿಲ್ಲುತ್ತೆ ಅನ್ನೋದು ಮಾತ್ರ ಮೊದಲ ಕೆಲವು ಸಲದ ಅದೃಷ್ಟ. 0 ಮತ್ತು 1ರ ನಡುವೆ ಎಲ್ಲ ಬೆಲೆಗಳಿಗೂ ಸಮಾನ ಅವಕಾಶ. ಹೆಚ್ಚು ಇರೋ ಬಣ್ಣಕ್ಕೆ ಅದರ ಪಾಲಿಗಿಂತಲೂ ಹೆಚ್ಚಿನ ಅನುಕೂಲ ಕೊಟ್ಟರೆ ಒಂದೇ ಬಣ್ಣ ಎಲ್ಲವನ್ನೂ ನುಂಗುತ್ತೆ. ಕೊರಕಲುಗಳಲ್ಲಿ ಆಗೋದೂ ಹೀಗೇ: ಆಳವಾದ ಹಳ್ಳ ಪಕ್ಕದ ಹಳ್ಳದ ನೀರನ್ನೂ ತನ್ನ ಕಡೆ ಎಳ್ಕೊಳ್ಳುತ್ತೆ, ಜಲಾನಯನ ಅಗಲ ಆಗುತ್ತೆ. 1990ರ ದಶಕದಲ್ಲಿ ರೋಡ್ರಿಗೆಸ್-ಇತುರ್ಬೆ ಮತ್ತು ರಿನಾಲ್ಡೊ ಇದನ್ನ ಇನ್ನೊಂದು ರೀತಿ ಹೇಳಿದರು: ನೀರು ಹರಿಯುವಾಗ ವ್ಯಯವಾಗುವ ಒಟ್ಟು ಶಕ್ತಿ ಕಮ್ಮಿ ಆಗೋ ಕಡೆಗೆ ಜಾಲ ಸರಿಯುತ್ತೆ ಅಂತ ಇಟ್ಕೊಂಡ್ರೆ ನಿಜವಾದ ಹಳ್ಳಗಳಂಥ ಜಾಲಗಳೇ ಸಿಗುತ್ತವೆ.

ನಿಮ್ಮ ಪ್ರಾಜೆಕ್ಟ್‌ಗೆ

ಬಂಡೆಯ ಪ್ರಭಾವ ಇದೆಯಾ ಇಲ್ಲವಾ ತಿಳಿಯೋಕೆ ನಾಣ್ಯಕ್ಕೆ ಗೊತ್ತೇ ಇಲ್ಲದ ಅಳತೆ ಬೇಕು. ದಿಕ್ಕು ಅಂಥದ್ದು. ಯಾವ ಹಳ್ಳಕ್ಕೆ ಯಾವುದು ಸೇರುತ್ತೆ ಅನ್ನೋ ಲೆಕ್ಕದಲ್ಲಿ ದಿಕ್ಕಿಗೆ ಜಾಗವೇ ಇಲ್ಲ. ಬಂಡೆಯ ಸೀಳುಗಳಿಗೆ ಮಾತ್ರ ದಿಕ್ಕು ಇರುತ್ತೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟಗಳ ಹೆಸರು ಅಶೋಕನ ಶಾಸನಗಳಿಂದಾಗಿ ಎಲ್ಲರಿಗೂ ಗೊತ್ತು. ಇಂಥ ಬಂಡೆ ಬೆಟ್ಟಗಳ ಸುತ್ತಲಿನ ಒಂದು ಜಲಾನಯನ, ಚಳ್ಳಕೆರೆ ಬಯಲಿನ ಒಂದು ಜಲಾನಯನ ತಗೊಂಡು ಹೋಲಿಸಿ. ಹಳ್ಳದ ತುಂಡುಗಳ ದಿಕ್ಕನ್ನ 10 ಡಿಗ್ರಿಯ 18 ಗುಂಪುಗಳಾಗಿ ವಿಂಗಡಿಸಿ. 360 ತುಂಡುಗಳಿದ್ದರೆ ದಿಕ್ಕಿಗೆ ಒಲವಿಲ್ಲದಾಗ ಪ್ರತಿ ಗುಂಪಿಗೆ ಸರಾಸರಿ 20, ಏರಿಳಿತ ನಾಲ್ಕೂವರೆ. ಒಂದು ಗುಂಪಿನಲ್ಲಿ 40 ಬಂದರೆ ಅದು ಅದೃಷ್ಟ ಅಲ್ಲ. ಕೈ-ಸ್ಕ್ವೇರ್ ಪರೀಕ್ಷೆಯಲ್ಲಿ 17 ಡಿಗ್ರಿ ಆಫ್ ಫ್ರೀಡಂಗೆ ಶೇ 5ರ ಮಿತಿ 27.6.

ಮೂರು ಎಚ್ಚರಿಕೆ ಇದೆ. ಒಂದು, ನೆಲದ ಒಟ್ಟಾರೆ ಇಳಿಜಾರಿನಿಂದಲೂ ಒಂದು ಕಡೆ ಒಲವು ಬರುತ್ತೆ. ಅದು ಅಗಲವಾದ ದಿಬ್ಬದ ಹಾಗೆ ಹರಡಿರುತ್ತೆ. ಸೀಳುಗಳಿಂದ ಬಂದದ್ದು ಚೂಪಾದ ಶಿಖರವಾಗಿ ನಿಲ್ಲುತ್ತೆ. ಎರಡು, ಸಾಫ್ಟ್‌ವೇರ್‌ನ ಡಿ-8 ವಿಧಾನಕ್ಕೆ ಎಂಟೇ ದಿಕ್ಕು ಗೊತ್ತು, ಆದ್ದರಿಂದ 45ರ ಗುಣಕಗಳಲ್ಲಿ ಸುಳ್ಳು ಶಿಖರಗಳು ಹುಟ್ಟುತ್ತವೆ. ಚಪ್ಪಟೆ ಬಯಲಲ್ಲಿ, ಕೆರೆ ಅಂಗಳದಲ್ಲಿ ಅದು ಸಾಲಾಗಿ ನೇರ ಗೆರೆ ಎಳೆದುಬಿಡುತ್ತೆ. ಭುವನ್ ತಾಣದ ಡಿಇಎಂನಿಂದ ಹಳ್ಳ ತೆಗೆದ ಮೇಲೆ ಉದ್ದ ತುಂಡುಗಳ ತುದಿಯಿಂದ ತುದಿಗೆ ದಿಕ್ಕು ಅಳೆಯಿರಿ, ಸಾಧ್ಯವಾದ್ರೆ ಟೋಪೋಶೀಟಿನ ಗೆರೆಗಳನ್ನೇ ಕೈಯಲ್ಲಿ ಡಿಜಿಟೈಸ್ ಮಾಡಿ. ಮೂರು, ಈ ಸೀಮೆಯಲ್ಲಿ ಕೆರೆ ಕೋಡಿ, ಕಾಲುವೆಗಳಿಂದ ಎಷ್ಟೋ ಹಳ್ಳಗಳ ದಾರಿ ಬದಲಾಗಿದೆ. ಮನುಷ್ಯ ಮಾಡಿದ್ದನ್ನ ಬೇರೆ ಗುರುತು ಮಾಡ್ಕೊಳ್ಳಿ.

ಶಿಖರ ಸಿಕ್ಕಿದ್ರೆ ಜಿಯಾಲಾಜಿಕಲ್ ಸರ್ವೆಯ ಭೂಕೋಶ್ ತಾಣದಲ್ಲಿರೋ ನಕ್ಷೆಯ ಜೊತೆ ತಾಳೆ ನೋಡಿ, ಆಮೇಲೆ ಒಂದು ಭಾನುವಾರ ಹಳ್ಳಕ್ಕೇ ಹೋಗಿ ಬಂಡೆ ಮೇಲೆ ಕಂಪಾಸ್ ಇಟ್ಟು ನೋಡಿ. ಕವಲು ಅನುಪಾತವನ್ನ ತೆಗೆದುಹಾಕಬೇಕಾಗಿಲ್ಲ, ಗೈಡ್ ಕೇಳೇ ಕೇಳ್ತಾರೆ. ಅದರ ಮುಂದೆ ಬರೆಯೋ ವಾಕ್ಯ ಮಾತ್ರ ಬದಲಾಗಲಿ: ಕವಲು ಅನುಪಾತ 4.2, ನಾಣ್ಯ ಚಿಮ್ಮಿ ಮಾಡಿದ ಜಾಲದಲ್ಲೂ ಇಷ್ಟೇ ಬರುತ್ತದೆ, ಆದ್ದರಿಂದ ಇದರಿಂದ ಶಿಲಾರಚನೆಯ ಬಗ್ಗೆ ಏನನ್ನೂ ಹೇಳಲಾಗದು, ದಿಕ್ಕಿನ ಪರೀಕ್ಷೆ ಮುಂದಿನ ಪುಟದಲ್ಲಿದೆ.